ಮೊದಲು ಅಳತೆ, ಆಮೇಲೆ ಪಾನಾ

ಬೀದರ್‌ ಜಿಲ್ಲೆಯ ರಸ್ತೆಗಳಲ್ಲಿ ಕಾರು ಇದ್ದಕ್ಕಿದ್ದಂತೆ ನಿಂತರೆ ಈಗ ಎಲ್ಲರ ಬಾಯಲ್ಲೂ ಒಂದೇ ಹೆಸರು: ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಿನಷ್ಟಿರುವ ಈ ವಸ್ತು ಮಾಡುವ ಕೆಲಸವೇನು, ಅದನ್ನು ಬದಲಿಸಬೇಕಾದದ್ದು ಯಾವಾಗ, ಕೂರಿಸುವುದು ಹೇಗೆ? ನೌಬಾದ್‌ ಕಡೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಮಾತು ಇಲ್ಲಿದೆ.

ಮೇ ತಿಂಗಳಲ್ಲಿ ಒಂದು ಬಗೆಯ ಫೋನು ನನಗೆ ಮಧ್ಯಾಹ್ನ ಎರಡರ ಮೇಲೆಯೇ ಬರುತ್ತದೆ. ಬೀದರಿನಿಂದ ಔರಾದ್‌ ಕಡೆ ಹೊರಟವರು ಕೌಠಾ ಹತ್ತಿರ ಮಾಂಜ್ರಾ ಸೇತುವೆ ದಾಟಿ, ಸಂತಪುರದ ಹಾದಿಯಲ್ಲಿ ನಿಂತಿರುತ್ತಾರೆ. "ಅಣ್ಣಾ, ಗಾಡಿ ಹಾದ್ಯಾಗ ನಿಂತದ್ರಿ. ಸೆಲ್ಫ್ ಛಲೋ ಹೊಡಿಲಿಕತ್ತದ, ಖರೆ ಚಾಲೂ ಆಗವಲ್ದು" ಎನ್ನುತ್ತಾರೆ. ಪೆಟ್ರೋಲ್ ಇದೆ, ಬ್ಯಾಟರಿ ಗಟ್ಟಿಯಾಗಿದೆ. ಬಾನೆಟ್ ಎತ್ತಿಟ್ಟು ಬೇವಿನ ಗಿಡದ ನೆರಳಲ್ಲಿ ಅರ್ಧ ತಾಸು ಕೂತರೆ ಅದೇ ಗಾಡಿ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ. ಮರುದಿನ ಮುಂಜಾನೆ ತಂಪು ಹೊತ್ತಿನಲ್ಲಿ ನನ್ನ ಅಂಗಡಿಗೆ ತಂದಾಗ ಯಾವ ತಕರಾರೂ ಕಾಣುವುದಿಲ್ಲ.

ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ: "ಸೆಲ್ಫ್ ಹೊಡಿವಾಗ ಆರ್‌ಪಿಎಂ ಮುಳ್ಳು ಅಲ್ಲಾಡ್ತದೇನ್ರಿ, ನೋಡಿ ಹೇಳ್ರಿ." ಬಹಳಷ್ಟು ಗಾಡಿಗಳಲ್ಲಿ ಸೆಲ್ಫ್ ಮೋಟಾರು ಎಂಜಿನನ್ನು ತಿರುಗಿಸುತ್ತಿರುವಾಗ ಆ ಮುಳ್ಳು ಸೊನ್ನೆಯಿಂದ ತುಸುವಾದರೂ ಮೇಲೇಳಬೇಕು. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಕದಲದೆ ಇದ್ದರೆ, ತಿರುಗುವ ಸುದ್ದಿ ಗಾಡಿಯ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ ಎಂದು ಅನುಮಾನಿಸಬೇಕು. ಆ ಸುದ್ದಿಯನ್ನು ಒಯ್ಯುವುದೇ ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್.

ಅದನ್ನು ಬದಲಿಸುವುದು ದೊಡ್ಡ ಕೆಲಸವಲ್ಲ. ಹೆಚ್ಚಿನ ಗಾಡಿಗಳಲ್ಲಿ ವೈರು ಕೂಡಿಸುವ ಒಂದು ಕಪ್ಲರ್ ಕಳಚಿ, ಒಂದು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಇಷ್ಟು ಸಲೀಸಾಗಿರುವುದರಿಂದಲೇ ನಮ್ಮ ಧಂದೆಯಲ್ಲಿ ಒಂದು ಕೆಟ್ಟ ರೂಢಿ ಬೆಳೆದಿದೆ. ಸ್ಕ್ಯಾನರ್ ಹಚ್ಚುವುದು, ಅದು ಒಂದು ಕೋಡ್ ತೋರಿಸುವುದು, ಕೂಡಲೇ ಹೊಸ ಸೆನ್ಸರಿನ ಡಬ್ಬಿ ಒಡೆಯುವುದು. ನಾಲ್ಕು ದಿನಕ್ಕೆ ಗಾಡಿ ಮತ್ತೆ ನಿಲ್ಲುತ್ತದೆ. ಯಾಕೆಂದರೆ ಕೆಟ್ಟದ್ದು ಸೆನ್ಸರ್ ಆಗಿರಲಿಲ್ಲ. ವೈರು, ಕಪ್ಲರ್ ಅಥವಾ ಹಲ್ಲಿನ ಚಕ್ರ ಆಗಿತ್ತು. ನನಗೆ ಕೆಲಸ ಕಲಿಸಿದ ಉಸ್ತಾದ್ ದಖನಿಯಲ್ಲಿ ದಿನವೂ ಹೇಳುತ್ತಿದ್ದ ಮಾತು: "ಪಹಲೆ ನಾಪ್, ಫಿರ್ ಖೋಲ್." ಮೊದಲು ಅಳೆ, ಆಮೇಲೆ ಬಿಚ್ಚು. ಅವರು ಅದನ್ನು ಹೇಳಿದ್ದು ಸೆನ್ಸರುಗಳಿಲ್ಲದ ಕಾಲದಲ್ಲಿ. ಇಂದಿನ ಗಾಡಿಗಳಿಗೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ.

ಬೆಂಕಿಯ ಕಿಡಿಗೆ ಹೊತ್ತು ಗೊತ್ತುಮಾಡುವುದು

ಎಂಜಿನ್ ಒಳಗೆ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತವೆ. ಆ ಓಡಾಟವನ್ನು ತಿರುಗಾಟವಾಗಿ ಮಾಡುವ ದಪ್ಪ ಉಕ್ಕಿನ ದಂಡವೇ ಕ್ರ್ಯಾಂಕ್‌ಶಾಫ್ಟ್. ಪಿಸ್ಟನ್ ತುದಿ ಮುಟ್ಟುವುದಕ್ಕೆ ಕೆಲವು ಡಿಗ್ರಿ ಮುಂಚೆ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಬೇಗ ಹಾರಿದರೆ ಎಂಜಿನ್ ಕಟಕಟ ಬಡಿದುಕೊಳ್ಳುತ್ತದೆ, ತಡವಾದರೆ ಎಳೆತ ಕುಂದುತ್ತದೆ. ಗಾಡಿ ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುವಾಗ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ಹಾಕುತ್ತದೆ. ಒಂದು ಡಿಗ್ರಿ ಸರಿಯಲು ಹಿಡಿಯುವುದು ಸೆಕೆಂಡಿನ 18,000ದಲ್ಲಿ ಒಂದು ಭಾಗ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿಗೆ ಅದೇ ಒಂದು ಸೆಕೆಂಡಿನಲ್ಲಿ 100 ಕಿಡಿ ಬೇಕು, ಪ್ರತಿಯೊಂದೂ ಸರಿಯಾದ ಡಿಗ್ರಿಯಲ್ಲಿ.

ನಾನು 1990ರ ದಶಕದಲ್ಲಿ ಕೆಲಸ ಕಲಿತಾಗ ಈ ಲೆಕ್ಕವನ್ನು ಕಬ್ಬಿಣವೇ ಮಾಡುತ್ತಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕಾರ್ಬುರೇಟರ್ ಗಾಡಿಗಳು, ಎಲ್ಲವಕ್ಕೂ ಡಿಸ್ಟ್ರಿಬ್ಯೂಟರ್ ಇತ್ತು. ಅದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತಿತ್ತು. ಪಾಯಿಂಟ್ ಇದ್ದ ಗಾಡಿಗಳಲ್ಲಿ ಅದರ ಒಳಗಿನ ಉಬ್ಬುಗಳು ಪಾಯಿಂಟನ್ನು ತೆರೆದು ಮುಚ್ಚಿ ಕಿಡಿ ಹಾರಿಸುತ್ತಿದ್ದವು. ಫೀಲರ್ ಗೇಜಿನಿಂದ ಪಾಯಿಂಟಿನ ಸಂದು ಹಿಡಿದು, ಒಂದು ಸಣ್ಣ ಬಲ್ಬು ಕಟ್ಟಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಟೈಮಿಂಗ್ ಕಟ್ಟುವುದೇ ನಮ್ಮ ವಿದ್ಯೆ. ಪಾಯಿಂಟ್ ಸುಟ್ಟರೆ ಗಾಡಿ ಕೆಮ್ಮುತ್ತ, ಎಳೆಯಲಾರದೆ ವಾರಗಟ್ಟಲೆ ಸೂಚನೆ ಕೊಡುತ್ತಿತ್ತು. ಮಾಲಿಕನ ಹತ್ತಿರ ಪಾಲಿಶ್ ಕಾಗದದ ಒಂದು ಚೂರಿದ್ದರೆ ಊರು ಮುಟ್ಟುತ್ತಿದ್ದ. ಡೀಸೆಲ್ ಜೀಪುಗಳಿಗಂತೂ ಕಿಡಿಯೇ ಬೇಡ. ಪಂಪು ಗಿಯರಿನ ಲೆಕ್ಕದಲ್ಲೇ ಡೀಸೆಲ್ ಚಿಮ್ಮಿಸುತ್ತಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಾರ್ಖಾನೆಯ ಪಂಪುಗಳ ಹೆಸರು ನಮ್ಮ ಕಡೆಯ ಟ್ರ್ಯಾಕ್ಟರ್ ಚಾಲಕರಿಗೂ ಬಾಯಿಪಾಠ. ಆ ಕಂಪನಿ 2008ರಿಂದ ಬಾಷ್ ಎಂಬ ಹೆಸರಿನಲ್ಲಿದೆ.

ಕಿಡಿ ಮತ್ತು ಪೆಟ್ರೋಲ್ ಎರಡನ್ನೂ ಒಂದೇ ಕಂಪ್ಯೂಟರ್ ನೋಡಿಕೊಳ್ಳುವ ಮೋಟ್ರಾನಿಕ್ ವ್ಯವಸ್ಥೆಯನ್ನು ಜರ್ಮನಿಯ ಬಾಷ್ 1979ರಲ್ಲಿ ಬಿಎಂಡಬ್ಲ್ಯು ಕಾರಿನಲ್ಲಿ ತಂದಿತು. ನಮ್ಮ ಜಿಲ್ಲೆಗೆ ಆ ವಿದ್ಯೆ ಬಂದು ಮುಟ್ಟಿದ್ದು ಹೊಗೆಯ ಕಾನೂನಿನ ಜೊತೆಯಲ್ಲಿ. 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6. ಇಷ್ಟು ಬಿಗಿಯಾದ ಲೆಕ್ಕ ಕಬ್ಬಿಣದ ಉಬ್ಬುಗಳಿಗೆ ನಿಲುಕುವುದಿಲ್ಲ. ಹಾಗಾಗಿ ಇಂದು ಪೆಟ್ರೋಲ್ ಕಾರಿರಲಿ, ಕಾಮನ್ ರೈಲ್ ಡೀಸೆಲ್ ಜೀಪಿರಲಿ, ಬಿಎಸ್ 6 ಬೈಕಿರಲಿ, ಎಲ್ಲದರಲ್ಲೂ ಕ್ರ್ಯಾಂಕ್ ಸೆನ್ಸರ್ ಇದೆ. ನಮ್ಮ ಜಿಲ್ಲೆಯ ಕೆಎ 38, ಕೆಎ 39 ಗಾಡಿಗಳ ಜೊತೆಗೆ ಗಡಿಯಾಚೆಯ ಲಾತೂರು, ನಾಂದೇಡ್, ಸಂಗಾರೆಡ್ಡಿಯ ಗಾಡಿಗಳೂ ಇದೇ ತಕರಾರು ಹೊತ್ತು ಬರುತ್ತವೆ.

ಹಲ್ಲು ಎಣಿಸುವ ಬಗೆ

ಕ್ರ್ಯಾಂಕಿನ ತುದಿಯಲ್ಲಿ, ಫ್ಲೈವ್ಹೀಲಿನ ಮೇಲೋ ಮುಂದಿನ ಪುಲ್ಲಿಯ ಹಿಂದೋ, ಹಲ್ಲುಗಳಿರುವ ಒಂದು ಚಕ್ರ ಇರುತ್ತದೆ. ಬಹಳ ಗಾಡಿಗಳಲ್ಲಿ ಅದನ್ನು 60 ಹಲ್ಲಿನ ಲೆಕ್ಕಕ್ಕೆ ಕತ್ತರಿಸಿ, ಎರಡು ಹಲ್ಲು ಬೇಕೆಂದೇ ಬಿಟ್ಟಿರುತ್ತಾರೆ. ಉಳಿದದ್ದು 58. ಒಂದು ಹಲ್ಲಿನಿಂದ ಇನ್ನೊಂದಕ್ಕೆ 6 ಡಿಗ್ರಿ. ಸೆನ್ಸರ್ ಈ ಹಲ್ಲುಗಳ ಎದುರು ಕೂತು, ಒಂದೊಂದು ಹಾದುಹೋದಾಗಲೂ ಒಂದು ಮಿಡಿತ ಕಳಿಸುತ್ತದೆ. ಮಿಡಿತ ಎಷ್ಟು ಬೇಗ ಬರುತ್ತವೆ ಎಂಬುದರಿಂದ ವೇಗ ತಿಳಿಯುತ್ತದೆ. ಭಜನೆಯಲ್ಲಿ ಬಿಟ್ಟ ಪೆಟ್ಟಿನಿಂದ ತಾಳದ ಸುತ್ತು ಎಲ್ಲಿ ತಿರುಗಿತೆಂದು ಹಿಡಿಯುವ ಹಾಗೆ, ಬಿಟ್ಟ ಹಲ್ಲಿನ ಖಾಲಿ ಜಾಗದಿಂದ ಕಂಪ್ಯೂಟರಿಗೆ ಕ್ರ್ಯಾಂಕ್ ಈಗ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 2900 ಹಲ್ಲು ಎಣಿಸುವ ಕೆಲಸ ಅದು.

ಆದರೆ ಎಂಜಿನ್ನಿನ ಒಂದು ಪೂರ್ತಿ ಆವರ್ತನಕ್ಕೆ ಕ್ರ್ಯಾಂಕ್ ಎರಡು ಸುತ್ತು ಹಾಕುತ್ತದೆ. ಪಿಸ್ಟನ್ ಮೇಲೆ ಬಂದದ್ದು ಗಾಳಿ ಒತ್ತಲಿಕ್ಕೋ ಹೊಗೆ ಹೊರಹಾಕಲಿಕ್ಕೋ ಎಂಬುದು ಕ್ರ್ಯಾಂಕ್ ಸೆನ್ಸರೊಂದರಿಂದಲೇ ತಿಳಿಯುವುದಿಲ್ಲ. ಅದಕ್ಕೆ ಮೇಲೆ ಕ್ಯಾಮ್‌ಶಾಫ್ಟಿನ ಹತ್ತಿರ ಇನ್ನೊಂದು ಸೆನ್ಸರ್ ಇರುತ್ತದೆ. ಕ್ಯಾಮ್ ಸೆನ್ಸರ್ ಕೆಟ್ಟರೆ ಬಹಳ ಗಾಡಿಗಳು ತಡವಾಗಿಯಾದರೂ ಚಾಲೂ ಆಗುತ್ತವೆ. ಕ್ರ್ಯಾಂಕ್ ಸೆನ್ಸರಿನ ಸುದ್ದಿ ನಿಂತರೆ ಹೆಚ್ಚಿನ ಗಾಡಿಗಳಲ್ಲಿ ಕಂಪ್ಯೂಟರ್ ಕಿಡಿಯನ್ನೂ ಇಂಧನವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಚಾವಿ ತಿರುಗಿಸಿದಾಗ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್ ಎಂದು ಸುಮ್ಮನಾಗುವುದು ಇದಕ್ಕೇ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಬಂದರೆ ಮಾತ್ರ ಅದು ಮುಂದುವರಿಯುತ್ತದೆ.

ಸೆನ್ಸರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಎರಡು ವೈರಿನದು. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ಕಬ್ಬಿಣದ ಹಲ್ಲು ಎದುರು ಹಾದಾಗ ಸುರುಳಿಯಲ್ಲಿ ವಿದ್ಯುತ್ ತಾನಾಗಿ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ನಿಯಮವೇ ಇದು. ಎರಡನೆಯದು ಮೂರು ವೈರಿನ ಹಾಲ್ ಸೆನ್ಸರ್. ಅದಕ್ಕೆ ಹೊರಗಿನಿಂದ 5 ಅಥವಾ 12 ವೋಲ್ಟ್ ಕೊಡಬೇಕು. 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡ ಪರಿಣಾಮದ ಮೇಲೆ ಅದು ಕೆಲಸ ಮಾಡುತ್ತದೆ. ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ಜಾತಿಯ ಸೆನ್ಸರಿನ ಮೂತಿಗೆ ಒಂದು ಪಾನಾ ಹಿಡಿದು ತೋರಿಸುತ್ತೇನೆ, ಟಕ್ಕೆಂದು ಅಂಟುತ್ತದೆ. ಆಮೇಲೆ ಬಿದರಿ ಕೆಲಸದ ಸಣ್ಣ ಬಟ್ಟಲು ಹಿಡಿಯುತ್ತೇನೆ, ಅಂಟುವುದಿಲ್ಲ. ಬಿದರಿ ಸತು ಮತ್ತು ತಾಮ್ರದ್ದು. ಅಯಸ್ಕಾಂತಕ್ಕೆ ಅದರ ಗೊಡವೆ ಇಲ್ಲ. ಹಲ್ಲಿನ ಚಕ್ರ ಕಬ್ಬಿಣದ್ದೇ ಯಾಕೆ, ಸೆನ್ಸರಿನ ಮೂತಿಗೆ ಕಬ್ಬಿಣದ ಪುಡಿ ಮೆತ್ತಿದರೆ ಲೆಕ್ಕ ಯಾಕೆ ತಪ್ಪುತ್ತದೆ ಎಂಬುದು ಅವರಿಗೆ ಅಲ್ಲೇ ತಿಳಿದುಬಿಡುತ್ತದೆ.

ಮೂರು ಊರು, ಮೂರು ಕಾರಣ

ಸ್ಕ್ಯಾನರಿನಲ್ಲಿ ಬರುವ ಪಿ 0335 ಎಂಬ ಕೋಡ್ ಕಂಡ ಕೂಡಲೇ ಸೆನ್ಸರ್ ಸತ್ತಿದೆ ಎಂದುಕೊಳ್ಳುವವರೇ ಬಹಳ. ಆ ಕೋಡ್ ದೂರುವುದು ಇಡೀ ಹಾದಿಯನ್ನು: ಸೆನ್ಸರ್, ಅದರ ವೈರು, ಎರಡೂ ತುದಿಯ ಕಪ್ಲರ್, ಅರ್ಥ್, ಕಂಪ್ಯೂಟರಿನ ಪಿನ್ನು. ಪಿ 0336 ಬಂದರೆ ಸುದ್ದಿ ಬರುತ್ತಿದೆ, ಆದರೆ ಅದರ ಆಕಾರ ಸರಿಯಿಲ್ಲ ಎಂದು. ಪಿ 0339 ಬಂದರೆ ನಡುನಡುವೆ ಕಡಿಯುತ್ತಿದೆ ಎಂದು. ಒಂದೊಂದಕ್ಕೂ ಬೇರೆ ಬೇರೆ ಕಡೆ ಹುಡುಕಬೇಕು. ನಮ್ಮ ಮೂರು ಊರುಗಳು ನನಗೆ ಇದನ್ನು ಚೆನ್ನಾಗಿ ಕಲಿಸಿವೆ.

ಬೀದರ್ ಶಹರದ್ದು ಬಿಸಿಯ ಕಾಯಿಲೆ. ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಏ.ಸಿ. ಹಾಕಿಕೊಂಡು ಗಾಂಧಿ ಗಂಜ್, ಚೌಬಾರಾ ಕಡೆಯ ಇಕ್ಕಟ್ಟಿನಲ್ಲಿ ತೆವಳುವ ಗಾಡಿಯ ಬಾನೆಟ್ ಕೆಳಗಿನ ಕಾವು ಹೇಳತೀರದು. ಎರಡು ವೈರಿನ ಸೆನ್ಸರಿನ ಸುರುಳಿಯಲ್ಲಿ ಒಂದು ಸಣ್ಣ ಬಿರುಕಿದ್ದರೆ, ತಣ್ಣಗಿರುವಾಗ ತುದಿಗಳು ಕೂಡಿಕೊಂಡಿರುತ್ತವೆ, ಬಿಸಿಯಾದಾಗ ಹಿಗ್ಗಿ ದೂರವಾಗುತ್ತವೆ. ಮುಂಜಾನೆ ಮೀಟರ್ ಹಚ್ಚಿದರೆ ಎಲ್ಲ ಸರಿ. ಅದಕ್ಕೆ ನಾನು ಸೆನ್ಸರನ್ನು ಹೊರತೆಗೆದು, ಮೀಟರಿಗೆ ಕಟ್ಟಿ, ಕೂದಲು ಒಣಗಿಸುವ ಡ್ರೈಯರಿನಿಂದ ಮೆಲ್ಲಗೆ ಕಾಯಿಸುತ್ತೇನೆ. ತಾಮ್ರ ಬಿಸಿಯಾದಾಗ ಅದರ ರೋಧ ಏರುವುದು ಸಹಜ. 30 ಡಿಗ್ರಿಯಿಂದ 90ಕ್ಕೆ ಹೋದರೆ ಸುಮಾರು ಕಾಲುಭಾಗ ಹೆಚ್ಚುತ್ತದೆ. 860 ಓಮ್ ಇದ್ದದ್ದು 1060ರ ಆಸುಪಾಸಿಗೆ ಬರುತ್ತದೆ. ಇದನ್ನು ನೋಡಿಯೇ ಸೆನ್ಸರ್ ಕೆಟ್ಟಿದೆ ಎನ್ನುವವರಿದ್ದಾರೆ, ಅದು ಸರಿಯಲ್ಲ. ಅಂಕಿ ನಿಧಾನಕ್ಕೆ ಏರುವುದನ್ನು ಬಿಟ್ಟು ಒಮ್ಮೆಲೇ ಹಾರಿಹೋದರೆ, ತಣ್ಣಗಾದಾಗ ಮರಳಿ ಬಂದರೆ, ಆಗ ಸೆನ್ಸರ್ ಕೆಟ್ಟದ್ದು ಸಾಬೀತು.

ಭಾಲ್ಕಿಯಿಂದ ಬಂದ ಒಂದು ಗಾಡಿಯ ಕಥೆ ಬೇರೆ. ಕ್ಲಚ್ ಪ್ಲೇಟ್ ಬದಲಿಸಿದ ಮೇಲೆ ತಕರಾರು ಶುರುವಾಗಿತ್ತು. ಮಾಲಿಕರು ಆಗಲೇ ಹೊಸ ಸೆನ್ಸರ್ ಹಾಕಿಸಿಕೊಂಡಿದ್ದರು. ಆದರೂ ಹಲಬರ್ಗಾ ದಾಟುವಷ್ಟರಲ್ಲಿ ಎಂಜಿನ್ ಎಳೆದೆಳೆದು ಹೋಗುತ್ತಿತ್ತು. ಕೋಡ್ ಪಿ 0336. ಸೆನ್ಸರಿನ ವೈರಿಗೆ ಕೈಹಿಡಿಕೆಯ ಆಸಿಲೋಸ್ಕೋಪ್ ಹಚ್ಚಿ ಎಂಜಿನ್ ತಿರುಗಿಸಿದೆ. ಪರದೆಯ ಮೇಲೆ ಅಲೆಗಳು ಸಾಲಾಗಿ ಬಂದವು, ಖಾಲಿ ಜಾಗವೂ ಸರಿಯಾಗಿ ಕಂಡಿತು. ಆದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಒಂದು ಅಲೆ ಗಿಡ್ಡ. ಸೆನ್ಸರ್ ಕೆಟ್ಟಿದ್ದರೆ ತಪ್ಪು ಎಲ್ಲೆಂದರಲ್ಲಿ ಬರಬೇಕು. ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಬರುವುದು ಚಕ್ರದ ತಪ್ಪು. ಸೆನ್ಸರಿನ ತೂತಿನಿಂದ ಟಾರ್ಚ್ ಬಿಟ್ಟು, ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನನ್ನು ಕೈಯಿಂದ ತಿರುಗಿಸುತ್ತ ಹೋದಾಗ ಬಾಗಿದ ಹಲ್ಲು ಕಣ್ಣಿಗೆ ಬಿತ್ತು. ಗಿಯರ್‌ಬಾಕ್ಸ್ ಇಳಿಸಿ ಏರಿಸುವಾಗ ಪೆಟ್ಟು ತಿಂದಿತ್ತು. ಇಂಥ ಗಾಡಿಗೆ ಎಷ್ಟು ಸೆನ್ಸರ್ ಹಾಕಿದರೂ ಹಣ ಹೋಗುವುದಷ್ಟೇ.

ಔರಾದ್ ಎರೆಭೂಮಿಯ ಊರು. ಸೋಯಾ, ತೊಗರಿ ರಾಶಿಯ ಕಾಲದಲ್ಲಿ ಮನೆ ಮುಂದೆ ಚೀಲಗಳ ಅಟ್ಟಿ, ಅದರ ಪಕ್ಕದಲ್ಲೇ ಗಾಡಿ. ಕಾಳಿಗೆ ಬಂದ ಇಲಿ ರಾತ್ರಿ ಬೆಚ್ಚಗಿರುವ ಎಂಜಿನ್ ಮೇಲೆ ಮಲಗಿ ವೈರು ಕಡಿಯುತ್ತದೆ. ಮಳೆಗಾಲದಲ್ಲಿ ಕಪ್ಪು ಕೆಸರು ಗಾಡಿಯ ಹೊಟ್ಟೆಗೆ ಮೆತ್ತಿ, ಗಟ್ಟಿಯಾಗಿ, ಕಪ್ಲರಿನ ರಬ್ಬರ್ ಸೀಲ್ ಹರಿದಿದ್ದರೆ ಒಳಗೆ ನೀರು ಸೇರಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. "ಸೆನ್ಸರ್ ಹಾಕಿ ಬಿಡ್ರಿ ಅಣ್ಣಾ, ಕೆಲಸ ಮುಗೀಲಿ" ಎಂದು ಮಾಲಿಕ ಅವಸರ ಮಾಡಿದರೂ ನಾನು ಮೊದಲು ವೈರನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಇಲಿ ಕಡಿದ ವೈರಿಗೆ ಮದ್ದು ಬೆಸುಗೆ ಮತ್ತು ಕಾಯಿಸಿದರೆ ಬಿಗಿಯುವ ಕೊಳವೆ. ಬರೀ ಟೇಪು ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಫೋನು. ಈ ವೈರಿನ ಸುತ್ತ ಜಾಳಿಗೆಯ ಕವಚ ಇದ್ದರೆ ಅದನ್ನೂ ಕೂಡಿಸಬೇಕು, ಎರಡು ವೈರು ಹೊಸೆದಿದ್ದರೆ ಹಾಗೆಯೇ ಹೊಸೆಯಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್, ಕಾಯಿಲ್‌ಗಳ ಗದ್ದಲ ಇದರೊಳಗೆ ನುಗ್ಗುತ್ತದೆ.

ಕೂರಿಸುವ ಕೆಲಸ

ಸೆನ್ಸರೇ ಕೆಟ್ಟಿದೆ ಎಂದು ಖಾತ್ರಿಯಾದ ಮೇಲೆ ಹೊಸದನ್ನು ತರಿಸುವ ಮಾತು. ಬೀದರಿನಲ್ಲಿ ಸಿಗದ ಮಾಲು ಹೈದರಾಬಾದಿನಿಂದ ಬರುತ್ತದೆ. ಹಳೆಯ ಸೆನ್ಸರಿನ ಮೈಮೇಲಿನ ಪಾರ್ಟ್ ನಂಬರನ್ನು ಹೊಸದರ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ನೋಡಲು ಒಂದೇ ತರಹ ಇರುವ ಎರಡು ಸೆನ್ಸರುಗಳ ಮೂತಿಯ ಉದ್ದದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ ಸಾಕು, ಚಕ್ರಕ್ಕೆ ತಾಗಿ ಸವೆಯುತ್ತದೆ ಅಥವಾ ದೂರವಾಗಿ ಹಲ್ಲು ಕಾಣುವುದಿಲ್ಲ. ಎರಡು ವೈರಿನ ಸೆನ್ಸರಿನಲ್ಲಿ ವೈರುಗಳು ಅದಲುಬದಲಾದರೂ ಸೊನ್ನೆ ದಾಟುವ ಗಳಿಗೆ ಸರಿದು ಟೈಮಿಂಗ್ ಲೆಕ್ಕ ತಪ್ಪುತ್ತದೆ. ಅಗ್ಗದ ಡುಪ್ಲಿಕೇಟ್ ಮಾಲಿನಲ್ಲಿ ಈ ಅಪಾಯ ಹೆಚ್ಚು.

ಎಂಜಿನ್ ತಣ್ಣಗಾಗಬೇಕು. ಕೆಳಗಿನಿಂದ ಕೈ ಹಾಕುವುದಿದ್ದರೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವುದನ್ನು ನನ್ನ ಅಂಗಡಿಯಲ್ಲಿ ನಾನು ಬಿಡುವುದಿಲ್ಲ. ಬ್ಯಾಟರಿಯ ಮೈನಸ್ ಕಳಚಿ, ಸೆನ್ಸರಿನ ಸುತ್ತ ಇರುವ ಮಣ್ಣನ್ನು ಬ್ರಷ್ ಮತ್ತು ಗಾಳಿಯಿಂದ ಪೂರ್ತಿ ತೆಗೆಯಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಸೆನ್ಸರ್ ಎಳೆದ ಕೂಡಲೇ ಆ ಮರಳೆಲ್ಲ ತೂತಿನೊಳಗೆ ಸುರಿಯುತ್ತದೆ.

ಕಪ್ಲರಿನ ಲಾಕ್ ವರ್ಷಗಟ್ಟಲೆ ಕಾವಿಗೆ ಬೆಂದು ಪುಡಿಪುಡಿಯಾಗುವ ಸ್ಥಿತಿಯಲ್ಲಿರುತ್ತದೆ. ಸಣ್ಣ ಪೇಚಕಸದಿಂದ ಲಾಕ್ ಎತ್ತಿ, ಕಪ್ಲರನ್ನು ಹಿಡಿದು ಎಳೆಯಬೇಕು, ವೈರು ಹಿಡಿದು ಎಳೆಯಬಾರದು. ಬೋಲ್ಟ್ ಹೆಚ್ಚಾಗಿ 6 ಮಿಲಿಮೀಟರಿನದು, 10 ನಂಬರ್ ಗೋಟಿ ಪಾನಾಕ್ಕೆ ಬರುತ್ತದೆ. ಬೋಲ್ಟ್ ಬಂದರೂ ಸೆನ್ಸರ್ ಬರದೆ ಇದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸುಮ್ಮನೆ ಕಾಯುವುದೇ ಜಾಣತನ. ಆಮೇಲೆ ಎಡಕ್ಕೆ ಬಲಕ್ಕೆ ಹೊರಳಿಸುತ್ತ ಎಳೆಯಬೇಕು. ಪೇಚಕಸ ತೂರಿಸಿ ಮೀಟಿದರೆ ಪ್ಲಾಸ್ಟಿಕ್ ಮುರಿದು ಮೂತಿ ಒಳಗೇ ಉಳಿಯುತ್ತದೆ. ಆಗ ಹತ್ತು ನಿಮಿಷದ ಕೆಲಸಕ್ಕೆ ಗಿಯರ್‌ಬಾಕ್ಸ್ ಇಳಿಸಬೇಕಾದೀತು.

ಹೊರಬಂದ ಸೆನ್ಸರಿನ ಮೂತಿ ಬಹಳ ಸಂಗತಿ ಹೇಳುತ್ತದೆ. ಕಬ್ಬಿಣದ ಪುಡಿ ಮೆತ್ತಿದ್ದರೆ ಒಳಗೆ ಏನೋ ಸವೆಯುತ್ತಿದೆ. ಮೂತಿಯಲ್ಲಿ ಗೀರು ಬಿದ್ದಿದ್ದರೆ ಚಕ್ರ ತಾಗುತ್ತಿದೆ. ಫ್ಲೈವ್ಹೀಲ್ ಕಡೆಯ ಸೆನ್ಸರಿಗೆ ಎಂಜಿನ್ ಆಯಿಲ್ ಮೆತ್ತಿದ್ದರೆ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆ. ಇವನ್ನು ನೋಡದೆ ಹೊಸದನ್ನು ತುರುಕಿದರೆ ಅದಕ್ಕೂ ಅದೇ ಗತಿ.

ತೂತಿನ ಅಂಚನ್ನು ಬಟ್ಟೆಯಿಂದ ಒರೆಸಿ, ಹೊಸ ಸೆನ್ಸರಿನ ಓ ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಕೈಯಿಂದ ನೇರವಾಗಿ ಒತ್ತಬೇಕು. ಅದು ಪೂರ್ತಿ ಕೂತು, ಅದರ ಕಿವಿ ಎಂಜಿನ್ ಮೈಗೆ ಅಂಟಿದ ಮೇಲೆಯೇ ಬೋಲ್ಟ್. ಕೂರದೆ ಇದ್ದರೆ ಬೋಲ್ಟ್ ಬಿಗಿದು ಎಳೆಸಿಕೊಳ್ಳುವುದು, ಸುತ್ತಿಗೆಯಿಂದ ತಟ್ಟುವುದು, ಎರಡೂ ತಪ್ಪು. ಒಳಗಿನ ತಂತಿ ಆಗಲೇ ಕಡಿಯುತ್ತದೆ. ಬಿಗಿತ ಬಹಳ ಗಾಡಿಗಳಲ್ಲಿ 8ರಿಂದ 10 ನ್ಯೂಟನ್ ಮೀಟರ್, ಅಂದರೆ ಮಣಿಕಟ್ಟಿನ ಜೋರು ಸಾಕು. ಅಲ್ಯೂಮಿನಿಯಮ್ ಎಳೆ ಹೆಚ್ಚು ತಾಳುವುದಿಲ್ಲ. ಹಲ್ಲಿಗೂ ಮೂತಿಗೂ ನಡುವಿನ ಸಂದು ಸಾಮಾನ್ಯವಾಗಿ ಅರ್ಧದಿಂದ ಒಂದೂವರೆ ಮಿಲಿಮೀಟರ್. ಹೆಚ್ಚಿನ ಗಾಡಿಗಳಲ್ಲಿ ಸೆನ್ಸರ್ ಸರಿಯಾಗಿ ಕೂತರೆ ಸಂದು ತಾನಾಗಿ ಬರುತ್ತದೆ. ಹೊಂದಿಸುವ ಸೌಲಭ್ಯ ಇರುವ ಎಂಜಿನ್ನುಗಳಲ್ಲಿ ಹಿತ್ತಾಳೆಯ ಫೀಲರ್ ಗೇಜ್ ಬಳಸಿದರೆ ಅಯಸ್ಕಾಂತ ಅಡ್ಡ ಬರುವುದಿಲ್ಲ.

ವೈರನ್ನು ಕಂಪನಿ ಕೊಟ್ಟ ಹಾದಿಯಲ್ಲೇ, ಕಂಪನಿ ಕೊಟ್ಟ ಕ್ಲಿಪ್ಪಿನಲ್ಲೇ ಕಟ್ಟಬೇಕು. ಸೈಲೆನ್ಸರ್ ಪೈಪಿಗೆ ತಾಗಿದ ವೈರು ಒಂದೇ ಬೇಸಿಗೆಗೆ ಕರಗುತ್ತದೆ. ಕಪ್ಲರ್ ಕಟ್ಟೆಂದು ಕೂತದ್ದು ಕಿವಿಗೆ ಕೇಳಬೇಕು.

ಹಾಕಿದ ಮೇಲೂ ಅಳತೆ

ಬ್ಯಾಟರಿ ಕೂಡಿಸಿ, ಕೋಡ್ ಅಳಿಸಿ, ಸ್ಕ್ಯಾನರಿನ ಲೈವ್ ಡೇಟಾ ತೆರೆದು ಸೆಲ್ಫ್ ಹೊಡೆದಾಗ ಆರ್‌ಪಿಎಂ 200ರ ಆಸುಪಾಸು ತೋರಿಸಬೇಕು. ಕೆಲವು ಗಾಡಿಗಳಿಗೆ ಇಷ್ಟಕ್ಕೇ ಸಮಾಧಾನವಿಲ್ಲ. ಚಕ್ರದ ಹಲ್ಲುಗಳು ಕಾರ್ಖಾನೆಯಲ್ಲಿ ಎಷ್ಟೇ ನಿಖರವಾಗಿ ಕತ್ತರಿಸಿದರೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತವೆ. ಯಾವ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದು ಕಂಪ್ಯೂಟರ್ ಪತ್ತೆಹಚ್ಚುವುದು ಕ್ರ್ಯಾಂಕಿನ ವೇಗದ ಅತಿ ಸಣ್ಣ ಏರಿಳಿತದಿಂದ. ಆದ್ದರಿಂದ ಹಲ್ಲುಗಳ ಸಹಜ ವ್ಯತ್ಯಾಸವನ್ನು ಅದು ಮೊದಲು ಕಲಿತಿರಬೇಕು. ಸೆನ್ಸರ್ ಬದಲಾದಾಗ ಸ್ಕ್ಯಾನರಿನಿಂದ ಈ ಕಲಿಕೆಯನ್ನು ಮತ್ತೆ ಮಾಡಿಸಬೇಕಾದ ಗಾಡಿಗಳಿವೆ. ಮಾಡಿಸದಿದ್ದರೆ ಗಾಡಿ ಓಡುತ್ತದೆ, ಎಂಜಿನ್ ದೀಪ ಮಾತ್ರ ಮತ್ತೆ ಹತ್ತುತ್ತದೆ.

ಕೊನೆಗೆ ಬಿಸಿಯಲ್ಲಿ ಓಡಿಸಿ ನೋಡುವುದು. ತಣ್ಣನೆಯ ಎಂಜಿನ್ ಚಾಲೂ ಆದ ಮಾತ್ರಕ್ಕೆ ಹಣ ತೆಗೆದುಕೊಳ್ಳಬಾರದು; ತಕರಾರು ಬರುತ್ತಿದ್ದುದೇ ಬಿಸಿಯಲ್ಲಿ. ಏ.ಸಿ. ಹಾಕಿ, ಭಾಲ್ಕಿ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿ, ಬಂದು ರೇಡಿಯೇಟರಿನ ಫ್ಯಾನ್ ತಿರುಗುವ ತನಕ ನಿಲ್ಲಿಸಿ, ಬಂದ್ ಮಾಡಿ, ಕೂಡಲೇ ಮತ್ತೆ ಚಾಲೂ ಮಾಡುತ್ತೇನೆ.

ಹಾಲ್ ಸೆನ್ಸರಿನ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ ಓಮ್ ಮೀಟರ್ ಹಚ್ಚಿ ಸರಿ ತಪ್ಪು ಹೇಳಲು ಬರುವುದಿಲ್ಲ, ಮೀಟರಿನ ಕರೆಂಟಿನಿಂದ ಒಳಗಿನ ಚಿಪ್ ಕೆಟ್ಟರೂ ಕೆಟ್ಟೀತು. ಒಂದು ವೈರಿನಲ್ಲಿ ವೋಲ್ಟ್ ಬರುತ್ತಿದೆಯೇ, ಇನ್ನೊಂದರಲ್ಲಿ ಅರ್ಥ್ ಗಟ್ಟಿಯಿದೆಯೇ, ಮೂರನೆಯದರಲ್ಲಿ ಎಂಜಿನ್ ತಿರುಗಿದಾಗ ಮೇಲೆ ಕೆಳಗೆ ಆಗುತ್ತಿದೆಯೇ ಎಂದಷ್ಟೇ ನೋಡಬೇಕು.

ಗಾಡಿ ಓಡಿಸುವವರಿಗೆ

ಓಡುತ್ತಿರುವ ಗಾಡಿಯ ಎಂಜಿನ್ ಇದ್ದಕ್ಕಿದ್ದಂತೆ ನಿಂತರೆ ಸ್ಟೀರಿಂಗ್ ಭಾರವಾಗುತ್ತದೆ. ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಮಾತ್ರ ಶಕ್ತಿ ಉಳಿದಿರುತ್ತದೆ. ಆದ್ದರಿಂದ ಬ್ರೇಕನ್ನು ಪದೇ ಪದೇ ತುಳಿಯದೆ ಒಂದೇ ಸಲ ಒತ್ತಿ ಹಿಡಿದು, ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಿರಿ. ಚಾವಿಯನ್ನು ಪೂರ್ತಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಗಾಡಿ ನಿಂತ ಮೇಲೆ ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ನಿಲ್ಲುವ ಮುಂಚೆ ಆರ್‌ಪಿಎಂ ಮುಳ್ಳು ಗಕ್ಕನೆ ಸೊನ್ನೆಗೆ ಬಿತ್ತೇ, ಮತ್ತೆ ಚಾಲೂ ಆಗಲು ಎಷ್ಟು ಹೊತ್ತು ಹಿಡಿಯಿತು, ಮಳೆಯಿತ್ತೇ ಬಿಸಿಲಿತ್ತೇ ಎಂಬುದನ್ನು ನೆನಪಿಟ್ಟು ಹೇಳಿ. ಮೆಕ್ಯಾನಿಕ್‌ಗೆ ಇದು ಸ್ಕ್ಯಾನರಿನ ಕೋಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸೆನ್ಸರ್ ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಮೂರು ಮಾತು ಕೇಳಿ. ಯಾವ ಅಳತೆಯಿಂದ ಕೆಟ್ಟಿದೆ ಎಂದು ಗೊತ್ತಾಯಿತು? ವೈರು, ಕಪ್ಲರ್, ಹಲ್ಲು ನೋಡಿದಿರಾ? ಹಳೆಯ ಸೆನ್ಸರ್ ಮರಳಿ ಕೊಡುತ್ತೀರಾ? ಕೆಲಸ ಬಲ್ಲವನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ.

ನನ್ನ ಅಂಗಡಿಗೆ ಕಲಿಯಲು ಬರುವ ಐಟಿಐ ಹುಡುಗರಿಗೆ ಒಂದು ಕಟ್ಟಳೆ ಇದೆ. ಹಳೆಯ ಸೆನ್ಸರಿನ ತಣ್ಣನೆಯ ಅಂಕಿ, ಬಿಸಿಯ ಅಂಕಿ, ಕಪ್ಲರಿನಲ್ಲಿ ಬಂದ ವೋಲ್ಟು, ಇಷ್ಟನ್ನು ಬಿಲ್ಲಿನ ಹಿಂದೆ ಬರೆಯದೆ ಹೊಸ ಡಬ್ಬಿ ಒಡೆಯುವಂತಿಲ್ಲ. ಮೊದಮೊದಲು ಗಿರಾಕಿಗಳು ಈ ಅಂಕಿಗಳನ್ನು ಓದದೆ ಜೇಬಿಗೆ ಹಾಕುತ್ತಿದ್ದರು. ಈಗ ಔರಾದಿನ ರೈತರೊಬ್ಬರು ಬೇರೆ ಊರಿನಲ್ಲಿ ಗಾಡಿ ಬಿಟ್ಟಾಗಲೂ ಫೋನ್ ಮಾಡಿ ಕೇಳುತ್ತಾರೆ: "ಅಣ್ಣಾ, ಇವರು ಸೆನ್ಸರ್ ಹೋಗ್ಯಾದ ಅಂತಾರ, ಅಂಕಿ ಮಾತ್ರ ಹೇಳವಲ್ರು. ಹಾಕಿಸ್ಲೇನು ಬ್ಯಾಡೇನು?" ಅಂಕಿ ಬರುವ ತನಕ ಹಾಕಿಸಬೇಡಿ ಎಂದೇ ನಾನು ಹೇಳುವುದು. ನಿಮಗೂ ಅಷ್ಟೇ ಹೇಳುತ್ತೇನೆ.